ಡಬ್ಬಿ ಮೇಲೆ 15+ ಎಂದಿದೆ, ಆಟಿಕೆ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಸಾಲು ಸಾಲಾಗಿ ಬರುವ, ಜನ ಕೂಡಿಡುವ ಆಟಿಕೆಗಳು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಇದು ನನಗೂ ತುಂಬಾ ಹತ್ತಿರದ ವಿಷಯ, ಅದಕ್ಕೇ ಪೂರ್ತಿ ಪುಟ ಇವಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ರೋಬೋಟ್ ಕಾರ್ಟೂನ್ ಎಂದರೆ ಪ್ರಾಣ. ಹುಟ್ಟುಹಬ್ಬಕ್ಕೆ ಅವನಿಷ್ಟದ ಪಾತ್ರದ ಆಟಿಕೆ ಕೊಡಿಸೋಣ ಎಂದು ಹೋದರೆ ಡಬ್ಬಿ ಮೇಲೆ 15+ ಎಂದು ಬರೆದಿತ್ತು. ಪಕ್ಕದಲ್ಲೇ ಅದೇ ಪಾತ್ರದ್ದು ಇನ್ನೊಂದು ಇತ್ತು, ಅದರ ಮೇಲೆ 6+. ಕಾರ್ಟೂನ್ ಮಕ್ಕಳದ್ದು, ಆಟಿಕೆ ಮಾತ್ರ ದೊಡ್ಡವರದ್ದು ಎಂದರೆ ಏನು? ಇವನ್ನು ನಿಜವಾಗಿ ಯಾರಿಗಾಗಿ ಮಾಡುತ್ತಾರೆ?
ಒಬ್ಬ ತಾಯಿ

ಉತ್ತರ: ಪಾತ್ರ ಯಾವುದು ಎಂದು ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಒಂದೇ ಪಾತ್ರವನ್ನು ಮೂರು ವಯಸ್ಸಿನವರಿಗೆ ಮೂರು ಥರ ಮಾಡಿ ಮಾರುತ್ತಾರೆ. ಮಡಚಿದರೆ ಗಾಡಿಯಾಗುವ ರೋಬೋಟ್‌ಗಳಿವೆಯಲ್ಲ, ಟ್ರಾನ್ಸ್‌ಫಾರ್ಮರ್ಸ್, ಅದನ್ನೇ ತೆಗೆದುಕೊಳ್ಳಿ. ಆಪ್ಟಿಮಸ್ ಪ್ರೈಮ್ ಎಂಬ ಲಾರಿ ರೋಬೋಟ್ 1984ರಲ್ಲಿ ಬಂದಾಗ ಅದು ಮಕ್ಕಳ ಆಟಿಕೆ, ಅನುಮಾನವೇ ಇಲ್ಲ. ಆಮೇಲೆ ಅದೇ ಆಪ್ಟಿಮಸ್ ತೀರಾ ಚಿಕ್ಕ ಮಕ್ಕಳಿಗೆಂದು ರೆಸ್ಕ್ಯೂ ಬಾಟ್ಸ್ ಹೆಸರಿನಲ್ಲಿ ಬಂದ. ದಪ್ಪ ತೋಳು, ದಪ್ಪ ಕಾಲು, ಒಂದೆರಡು ಸಲ ಮಡಚಿದರೆ ಲಾರಿ ಆಗಿಬಿಡುತ್ತಾನೆ. ಶಾಲೆಗೆ ಹೋಗುವ ಮಕ್ಕಳಿಗೆ ಬೇರೆ ಆಪ್ಟಿಮಸ್. ಇನ್ನು ಜಪಾನಿನ ಟಕಾರಾ ಕಂಪನಿ 2003ರಲ್ಲಿ ಶುರು ಮಾಡಿದ ಮಾಸ್ಟರ್‌ಪೀಸ್ ಎಂಬ ಸಾಲು ಇದೆಯಲ್ಲ, ಅದು ದೊಡ್ಡವರಿಗೆ. 1984ರಲ್ಲಿ ಎಂಟು ವರ್ಷದವನಾಗಿದ್ದ ಹುಡುಗನಿಗೆ ಈಗ ಐವತ್ತರ ಆಸುಪಾಸು, ಕೈಯಲ್ಲಿ ಸಂಬಳ ಇದೆ, ಆಗ ಟಿವಿಯಲ್ಲಿ ಕಂಡ ಹಾಗೇ ಇರುವ ಆಪ್ಟಿಮಸ್ ಬೇಕು ಎಂಬ ಆಸೆ ಇನ್ನೂ ಇದೆ. ನೀವು ನೋಡಿದ 15+ ಡಬ್ಬಿ ಅಂಥವನಿಗಾಗಿ ಇಟ್ಟದ್ದು.

ಈಗ ಆ ಸಂಖ್ಯೆಯ ವಿಷಯ. ತುಂಬಾ ಜನ ಅದನ್ನು ತಪ್ಪಾಗಿ ಓದುತ್ತಾರೆ. 15+ ಎಂದರೆ ಒಳಗೆ ಮಕ್ಕಳು ನೋಡಬಾರದ್ದು ಏನೋ ಇದೆ ಅಂತಲ್ಲ. ಇಷ್ಟು ಕಷ್ಟದ ಆಟಿಕೆ, ಬುದ್ಧಿ ಬೇಕು, ಅಂತಲೂ ಅಲ್ಲ. ಅದು ಮುಖ್ಯವಾಗಿ ಸುರಕ್ಷತೆಯ ಪರೀಕ್ಷೆಗೆ ಸೇರಿದ ಮಾತು. ಅಮೆರಿಕದಲ್ಲಿ 2008ರ ಕಾನೂನಿನ ಪ್ರಕಾರ 12 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆಂದು ಮಾಡಿದ ವಸ್ತುವನ್ನು ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲೇಬೇಕು, ಸೀಸ ಎಷ್ಟಿದೆ ಎಂಬುದೂ ಸೇರಿ. ಯುರೋಪಿಯನ್ ಒಕ್ಕೂಟದ 2009ರ ಆಟಿಕೆ ನಿಯಮದಲ್ಲಿ ಆಟಿಕೆ ಎಂದರೆ 14ಕ್ಕಿಂತ ಕಡಿಮೆ ವಯಸ್ಸಿನವರು ಆಡುವ ವಸ್ತು. ಆದರೆ ಸಂಗ್ರಹಕಾರರಿಗೆಂದು ಮಾಡಿದ ವಸ್ತುವಿನ ಮೇಲೆ "14 ತುಂಬಿದ ಸಂಗ್ರಹಕಾರರಿಗೆ" ಎಂದು ಎದ್ದು ಕಾಣುವಂತೆ ಬರೆದರೆ ಅದು ಆಟಿಕೆಯ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಆ ಸಂಖ್ಯೆ ಹಾಕಿದವರು ಹೇಳುತ್ತಿರುವುದು ಇಷ್ಟು: ಇದನ್ನು ಮಗುವಿನ ಕೈಗೆ ಕೊಡಲು ನಾವು ಮಾಡಿಲ್ಲ, ಆ ಲೆಕ್ಕದಲ್ಲಿ ಪರೀಕ್ಷೆ ಮಾಡಿಸಿಯೂ ಇಲ್ಲ. ದಯವಿಟ್ಟು ಈ ಮಾತನ್ನು ನಂಬಿ.

ನಾನು ನಂಬದೆ ಒಮ್ಮೆ ಪಾಠ ಕಲಿತೆ. ನನ್ನ ಅಕ್ಕನ ಮಗನಿಗೆ ಏಳು ವರ್ಷ ಆಗಿದ್ದಾಗ, ಅವನು ನೋಡುತ್ತಿದ್ದ ಸರಣಿಯ ನಾಯಕನ ಒಂದು ಫಿಗರ್ ತಂದುಕೊಟ್ಟೆ. ಡಬ್ಬಿ ಮೇಲೆ ವಯಸ್ಸು ಇತ್ತು. ಏನಾಗುತ್ತೆ, ಗೊಂಬೆ ತಾನೇ ಎಂದುಕೊಂಡೆ. ಅದಕ್ಕೆ ಎಂಟು ಜೋಡಿ ಬಿಡಿ ಕೈಗಳಿದ್ದವು, ಮುಷ್ಟಿ ಒಂದು, ಬಿಚ್ಚಿದ ಬೆರಳು ಒಂದು, ಹೀಗೆ. ಮಣಿಕಟ್ಟಿನ ಕೀಲು ಅಕ್ಕಿಕಾಳಿಗಿಂತ ಸಣ್ಣದು. ಅರ್ಧ ಗಂಟೆಯಲ್ಲಿ ಒಂದು ಕೀಲು ತೋಳಿನ ಒಳಗೇ ಮುರಿದು ಕೂತಿತು. ಹುಡುಗ ಅತ್ತ. ಆಟಿಕೆ ಮುರಿದದ್ದಕ್ಕಿಂತ, ತಾನೇ ಏನೋ ತಪ್ಪು ಮಾಡಿದೆ ಎಂದು ಅವನು ಅತ್ತದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ. ಅವನು ಆಡಿದ್ದ ಅಷ್ಟೇ. ತಪ್ಪು ಕೊಟ್ಟವನದ್ದು.

ಆದರೆ ಸಂಖ್ಯೆ ಒಂದನ್ನೇ ನೋಡಿದರೂ ಸಾಲದು, ಇದನ್ನೂ ಹೇಳಿಬಿಡುತ್ತೇನೆ. ಹಾಸ್‌ಬ್ರೋ ಕಂಪನಿಯ, ಸ್ಟಾರ್ ವಾರ್ಸ್ ಸಿನಿಮಾ ಪಾತ್ರಗಳ ಬ್ಲ್ಯಾಕ್ ಸೀರೀಸ್ 2013ರಲ್ಲಿ ಶುರುವಾದಾಗಿನಿಂದ ದೊಡ್ಡ ಅಭಿಮಾನಿಗಳ ಕಪಾಟಿಗೆಂದೇ ಮಾಡಿದ ಸಾಲು. ಡಬ್ಬಿ ಮೇಲೆ ಮಾತ್ರ 4+ ಎಂದಿರುತ್ತದೆ. ಅದು ಮಕ್ಕಳ ಪರೀಕ್ಷೆ ಪಾಸಾಗಿದೆ, ಆದರೆ ಮಾಡಿದವರ ಮನಸ್ಸಿನಲ್ಲಿದ್ದದ್ದು ನಾಲ್ಕು ವರ್ಷದ ಮಗು ಅಲ್ಲ. ಹಾಗಾಗಿ ಡಬ್ಬಿಯನ್ನು ತಿರುಗಿಸಿ ನೋಡಿ. ಬಿಡಿ ಮುಖಗಳು, ಬಿಡಿ ಕೈಗಳು, ನಿಲ್ಲಿಸಲು ಸ್ಟ್ಯಾಂಡ್ ಇದ್ದರೆ ಅದು ನಿಲ್ಲಿಸಿ ನೋಡುವ ವಸ್ತು. ಗುಂಡಿ ಒತ್ತಿದರೆ ಏನೋ ಹಾರುತ್ತದೆ, ಶಬ್ದ ಬರುತ್ತದೆ, ಜೊತೆಗೊಂದು ಗಾಡಿ ಇದೆ ಎಂದರೆ ಅದು ನೆಲದ ಮೇಲೆ ಎಳೆದಾಡುವ ವಸ್ತು. ಕಂಪನಿಗಳು ಬಣ್ಣದಲ್ಲೂ ಹೇಳುತ್ತವೆ. ಲೆಗೋ 2020ರಿಂದ ದೊಡ್ಡವರ ಸೆಟ್‌ಗಳನ್ನು ಕಪ್ಪು ಡಬ್ಬಿಯಲ್ಲಿ 18+ ಎಂದು ಬರೆದು ಕೊಡುತ್ತಿದೆ. ಅಲ್ಲಿ ಮಾತ್ರ ಆ 18ಕ್ಕೂ ಅಪಾಯಕ್ಕೂ ಸಂಬಂಧವಿಲ್ಲ, ಅದು ದೊಡ್ಡವರನ್ನು ಕರೆಯುವ ಬೋರ್ಡ್. ಹತ್ತು ವರ್ಷದ ಮಗುವಿಗೆ ತಾಳ್ಮೆ ಇದ್ದರೆ ಜೊತೆಗೆ ಕೂತು ಧಾರಾಳವಾಗಿ ಕಟ್ಟಬಹುದು.

ನಿಮ್ಮ ಮಗನಿಗೆ 6+ ಇರುವುದನ್ನೇ ತನ್ನಿ. ಅದು ಕಡಿಮೆ ದರ್ಜೆಯದ್ದಲ್ಲ. ಅವನು ಅದನ್ನು ಗೋಡೆಗೆ ಗುದ್ದಿಸಿ, ಮೆಟ್ಟಿಲಿನಿಂದ ಬೀಳಿಸಿ, ನೀರಲ್ಲಿ ಮುಳುಗಿಸುತ್ತಾನೆ ಎಂದು ಗೊತ್ತಿದ್ದೇ ಯಾರೋ ಒಬ್ಬರು ಕೂತು ಆ ಕೀಲನ್ನು ದಪ್ಪ ಮಾಡಿದ್ದಾರೆ.

ಪ್ರಶ್ನೆ: ನನಗೆ 34 ವರ್ಷ. ಚಿಕ್ಕ ಡೈಕಾಸ್ಟ್ (ಲೋಹದ ಅಚ್ಚಿನ) ಕಾರುಗಳನ್ನು ಕೂಡಿಡುತ್ತೇನೆ. ಆಟಿಕೆ ಸಾಲಿನ ಮುಂದೆ ನಿಂತಾಗ ಪಕ್ಕದಲ್ಲಿ ಮಕ್ಕಳಿದ್ದರೆ ನಾಚಿಕೆ ಆಗುತ್ತದೆ. ಮಕ್ಕಳ ವಸ್ತುವನ್ನು ನಾನು ಕಿತ್ತುಕೊಳ್ಳುತ್ತಿದ್ದೇನಾ?
ಕಾರುಪ್ರೇಮಿ

ಉತ್ತರ: ನಾಚಿಕೆ ಬೇಡ. ಕೊನೆಯ ಪ್ರಶ್ನೆ ಮಾತ್ರ ಒಳ್ಳೆಯದು, ಅದನ್ನು ಬಿಡಬೇಡಿ.

ಮೊದಲು ಒಂದು ವಿಷಯ. ಮಕ್ಕಳದ್ದು, ದೊಡ್ಡವರದ್ದು ಎಂಬ ಗೆರೆ ಯಾವತ್ತೂ ನೆಟ್ಟಗಿರಲಿಲ್ಲ. ಬಾರ್ಬಿ 1959ರಲ್ಲಿ ಬಂತು, ಅದಕ್ಕಿಂತ ಹೆಣ್ಣುಮಕ್ಕಳ ಆಟಿಕೆ ಇನ್ನೊಂದಿಲ್ಲ ಎನ್ನುತ್ತೇವೆ. ಆದರೆ ಅದಕ್ಕೆ ಮಾದರಿಯಾದ ಜರ್ಮನಿಯ ಲಿಲಿ ಗೊಂಬೆ ಪತ್ರಿಕೆಯೊಂದರ ವ್ಯಂಗ್ಯಚಿತ್ರದಿಂದ ಹುಟ್ಟಿದ್ದು, ಮೊದಲು ದೊಡ್ಡವರಿಗೇ ಮಾರಿದ್ದು. ದೊಡ್ಡವರಿಂದ ಮಕ್ಕಳ ಕಡೆಗೆ ಬಂದದ್ದು ಅದು. ಜಪಾನಿನ ಗುಂಡಮ್ ಇದಕ್ಕೆ ಪೂರ್ತಿ ಉಲ್ಟಾ. 1979ರಲ್ಲಿ ಆ ರೋಬೋಟ್ ಸರಣಿಯನ್ನು ನಡೆಸುತ್ತಿದ್ದದ್ದೇ ಒಂದು ಆಟಿಕೆ ಕಂಪನಿಯ ದುಡ್ಡು, ಚಿಕ್ಕ ಹುಡುಗರು ಆಟಿಕೆ ಕೊಳ್ಳಲಿ ಎಂದು. ಚಿಕ್ಕ ಹುಡುಗರು ಕೊಳ್ಳಲಿಲ್ಲ. 52 ಕಂತು ಎಂದುಕೊಂಡದ್ದನ್ನು 43ಕ್ಕೆ ನಿಲ್ಲಿಸಿದರು. ಆದರೆ ಹೈಸ್ಕೂಲು, ಕಾಲೇಜಿನ ಹುಡುಗರು ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. 1980ರಲ್ಲಿ ಬಂಡಾಯ್ ಕಂಪನಿ, ಬಿಡಿ ಭಾಗಗಳನ್ನು ಕತ್ತರಿಸಿ ಜೋಡಿಸುವ ಪ್ಲಾಸ್ಟಿಕ್ ಮಾದರಿಗಳನ್ನು ತಂದಾಗ ಅವರು ಮುಗಿಬಿದ್ದರು. ಇವತ್ತಿಗೂ ಆ ಮಾದರಿಗಳು ಬರುತ್ತಲೇ ಇವೆ. ಯಾರಿಗೆಂದು ಮಾಡಿದರೋ ಅವರು ಬೇಡ ಎಂದರು, ಯಾರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲವೋ ಅವರು ಬದುಕಿಸಿದರು. ನನಗೆ ಇದು ತುಂಬಾ ಇಷ್ಟದ ಕಥೆ.

ಇನ್ನು ನಿಮ್ಮ ಕಾರುಗಳು. ಮ್ಯಾಚ್‌ಬಾಕ್ಸ್ 1953ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದೇ ಒಬ್ಬ ಪುಟ್ಟ ಹುಡುಗಿಯಿಂದ. ಅವಳ ಶಾಲೆಯಲ್ಲಿ ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಚಿಕ್ಕ ಆಟಿಕೆಗೆ ಮಾತ್ರ ಅನುಮತಿ, ಅದಕ್ಕೆ ಅವಳಪ್ಪ ಜ್ಯಾಕ್ ಓಡೆಲ್ ಅಷ್ಟೇ ಚಿಕ್ಕ ರೋಡ್ ರೋಲರ್ ಮಾಡಿಕೊಟ್ಟರು. ಹಾಟ್ ವೀಲ್ಸ್ 1968ರಲ್ಲಿ ಬಂತು, ಅದೂ ಮಕ್ಕಳು ಟ್ರ್ಯಾಕ್ ಮೇಲೆ ಜಾರಿಸಲಿ ಎಂದು. 1995ರಲ್ಲಿ ಅವರು ಟ್ರೆಷರ್ ಹಂಟ್ ಎಂದು ಹನ್ನೆರಡು ಕಾರು ಬಿಟ್ಟರು, ಒಂದೊಂದೂ ಬರೀ 10,000. ಇಡೀ ಜಗತ್ತಿಗೆ ಅಷ್ಟೇ. 2007ರಿಂದ ಅದರಲ್ಲೂ ಇನ್ನೂ ಅಪರೂಪದ್ದು, ಹೊಳೆಯುವ ಬಣ್ಣ ಮತ್ತು ರಬ್ಬರ್ ಟೈರಿನದ್ದು. ಇದನ್ನು ಬೇರೆ ಡಬ್ಬಿಯಲ್ಲಿ, ಬೇರೆ ಜಾಗದಲ್ಲಿ ಇಡುವುದಿಲ್ಲ ನೋಡಿ. ಮಕ್ಕಳ ಕಾರಿನ ಮಧ್ಯದಲ್ಲೇ ಬಚ್ಚಿಡುತ್ತಾರೆ. ಒಂದೇ ಕೊಕ್ಕೆಯಲ್ಲಿ ಎಂಟು ವರ್ಷದವನಿಗೂ ನಲವತ್ತು ವರ್ಷದವನಿಗೂ ತೂಗುಹಾಕುತ್ತಾರೆ, ಹಾಗಾಗಿ ಇಬ್ಬರೂ ಅಲ್ಲೇ ಬಂದು ನಿಲ್ಲುತ್ತಾರೆ.

ನನ್ನ ಜಗಳ ಇಲ್ಲಿದೆ. ನೀವು ನಿಮಗೆ ಬೇಕಾದ ಒಂದು ಕಾರು ತೆಗೆದುಕೊಂಡರೆ ಯಾವ ಮಗುವಿಗೂ ನಷ್ಟವಿಲ್ಲ. ಆದರೆ ಅಂಗಡಿ ಬಾಗಿಲು ತೆರೆಯುವ ಮೊದಲೇ ನಿಂತು, ಪೆಟ್ಟಿಗೆ ಪೆಟ್ಟಿಗೆಯನ್ನೇ ಜಾಲಾಡಿ, ಚೆನ್ನಾಗಿರುವುದನ್ನೆಲ್ಲ ಬಾಚಿಕೊಂಡು, ಮನೆಗೆ ಹೋಗಿ ಐದು ಪಟ್ಟು ಬೆಲೆಗೆ ಮಾರುವವರಿದ್ದಾರಲ್ಲ, ಅವರು ಮಾಡುವುದು ಬೇರೆ ಕೆಲಸ. ಅದಾದ ಮೇಲೆ ಸಂಜೆ ಅಪ್ಪನ ಕೈ ಹಿಡಿದು ಬರುವ ಮಗುವಿಗೆ ಸಿಗುವುದು ಯಾರಿಗೂ ಬೇಡವಾದ ನಾಲ್ಕು ಕಾರು. ಅವರನ್ನು ಸಂಗ್ರಹಕಾರರು ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ನನ್ನ ಪದ್ಧತಿ ಹೇಳುತ್ತೇನೆ, ಬೇಕಾದರೆ ಅನುಸರಿಸಿ: ಒಂದೇ ಕಾರು ಎರಡಿದ್ದರೆ ಒಂದು ತೆಗೆದುಕೊಳ್ಳುತ್ತೇನೆ. ಒಂದೇ ಇದ್ದು, ಪಕ್ಕದಲ್ಲಿ ಮಗು ಅದನ್ನೇ ನೋಡುತ್ತಿದ್ದರೆ, ಅದು ಮಗುವಿನದು.

ದೊಡ್ಡವರು ಆಟಿಕೆ ಕೊಳ್ಳುವುದು ವಿಚಿತ್ರ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಇದನ್ನೂ ಹೇಳಿ. ಅಮೆರಿಕದಲ್ಲಿ 2024ರ ಮೊದಲ ಮೂರು ತಿಂಗಳಲ್ಲಿ 18 ದಾಟಿದವರಿಗೆಂದು ಕೊಂಡ ಆಟಿಕೆಗಳ ವ್ಯಾಪಾರ, 3ರಿಂದ 5 ವರ್ಷದ ಮಕ್ಕಳಿಗೆಂದು ಕೊಂಡದ್ದನ್ನು ಮೊದಲ ಬಾರಿಗೆ ಹಿಂದೆ ಹಾಕಿತು. ನೀವೊಬ್ಬರೇ ಅಲ್ಲ.

ಪ್ರಶ್ನೆ: ಮಗಳಿಗೆ 11. ಒಳಗೆ ಯಾವ ಗೊಂಬೆ ಇದೆ ಎಂದು ತೆರೆಯುವವರೆಗೂ ಗೊತ್ತಾಗದ ಡಬ್ಬಿಗಳ ಹುಚ್ಚು ಹತ್ತಿದೆ. ಬೇಕಾದದ್ದು ಬರದಿದ್ದರೆ ಅಳು, ಇನ್ನೊಂದು ಕೊಡಿಸು ಎಂಬ ಹಟ. ಇವು ಮಕ್ಕಳಿಗೆ ಮಾಡಿದ್ದೇ?
ಚಿಂತೆಯಲ್ಲಿರುವ ಅಪ್ಪ

ಉತ್ತರ: ನೋಡಲು ಮಕ್ಕಳ ಗೊಂಬೆ, ವ್ಯಾಪಾರ ದೊಡ್ಡವರದ್ದು. ಜಪಾನಿನ ಸಾನಿ ಏಂಜೆಲ್ ಎಂಬ ಪುಟ್ಟ ಗೊಂಬೆ 2004ರಲ್ಲಿ ಬಂದದ್ದು ಕೆಲಸಕ್ಕೆ ಹೋಗುವ ಯುವತಿಯರ ಮನಸ್ಸು ಹಗುರ ಆಗಲಿ ಎಂದು. ಈಗ ಎಲ್ಲರ ಬಾಯಲ್ಲಿರುವ ಲಬೂಬು 2015ರಲ್ಲಿ ಕಲಾವಿದ ಕಾಸಿಂಗ್ ಲಂಗ್ ಅವರ ಚಿತ್ರಕಥೆಯಲ್ಲಿ ಹುಟ್ಟಿದ್ದು, 2019ರಿಂದ ಚೀನಾದ ಪಾಪ್ ಮಾರ್ಟ್ ಕಂಪನಿ ಮಾರುತ್ತಿದೆ. 2025ರಲ್ಲಿ ಬೀಜಿಂಗ್‌ನ ಹರಾಜಿನಲ್ಲಿ ಆಳೆತ್ತರದ ಒಂದು ಲಬೂಬು ಹತ್ತು ಲಕ್ಷ ಯುವಾನ್‌ಗಿಂತ ಜಾಸ್ತಿಗೆ ಹೋಯಿತು. ಅದು ಮಕ್ಕಳ ಪಾಕೆಟ್ ಮನಿಯ ಲೋಕ ಅಲ್ಲವೇ ಅಲ್ಲ. ಆದರೆ ಹಲ್ಲು ಕಿರಿಯುವ, ಮೊಲದ ಕಿವಿಯ ಆ ಮುದ್ದು ಮುಖ ನೋಡಿದ ಮಗುವಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಮಗಳ ಜೊತೆ ಕೂತು ಒಂದು ಲೆಕ್ಕ ಮಾಡಿ. ಬೈಯಬೇಡಿ, ಲೆಕ್ಕ ಮಾಡಿ. ಒಂದು ಸಾಲಿನಲ್ಲಿ ಆರು ಗೊಂಬೆ ಇವೆ, ಎಲ್ಲವೂ ಸಮಾನವಾಗಿ ಬರುತ್ತವೆ ಎಂದಿಟ್ಟುಕೊಳ್ಳಿ. ಬಿಡಿ ಬಿಡಿಯಾಗಿ ಕೊಂಡರೆ ಆರೂ ಸಿಗಲು ಆರು ಡಬ್ಬಿ ಸಾಕಾಗುವುದು ತುಂಬಾ ಅಪರೂಪ, ನೂರು ಜನರಲ್ಲಿ ಒಬ್ಬಿಬ್ಬರಿಗೆ. ಸರಾಸರಿ ಸುಮಾರು 15 ಡಬ್ಬಿ ಬೇಕು. ಸಾಲಿನಲ್ಲಿ ಹನ್ನೆರಡು ಗೊಂಬೆ ಇದ್ದರೆ ಸುಮಾರು 37. ಇನ್ನು ಗುಟ್ಟಿನ ಗೊಂಬೆ ಎಂದು ಒಂದು ಇರುತ್ತದಲ್ಲ, ಲಬೂಬುವಿನ ಕೆಲವು ಸಾಲುಗಳಲ್ಲಿ ಅದು 72 ಡಬ್ಬಿಗೆ ಒಂದು. ಈ ಲೆಕ್ಕವನ್ನು ಮನೆಯಲ್ಲೇ ಆಡಿ ತೋರಿಸಬಹುದು. ಒಂದು ದಾಳ ತೆಗೆದುಕೊಂಡು ಆರೂ ಸಂಖ್ಯೆ ಬೀಳುವವರೆಗೆ ಉರುಳಿಸಲಿ, ಪ್ರತಿ ಸಲಕ್ಕೂ ಒಂದು ಗೆರೆ ಎಳೆಯಲಿ. ಕೊನೆಯ ಒಂದು ಸಂಖ್ಯೆಗೆ ಎಷ್ಟು ಹೊತ್ತು ಕಾಯಬೇಕು ಎಂದು ಅವಳ ಕೈಗೇ ಗೊತ್ತಾಗುತ್ತದೆ.

ಚೀನಾದಲ್ಲೇ 2023ರಲ್ಲಿ ಸರ್ಕಾರ ಇಂಥ ಡಬ್ಬಿಗಳನ್ನು ಎಂಟು ವರ್ಷದೊಳಗಿನ ಮಕ್ಕಳಿಗೆ ಮಾರಬಾರದು, ಅದಕ್ಕಿಂತ ದೊಡ್ಡ ಮಕ್ಕಳಿಗೆ ಮಾರುವಾಗ ಮನೆಯವರ ಒಪ್ಪಿಗೆ ಇರಬೇಕು ಎಂದು ಮಾರ್ಗಸೂಚಿ ತಂದಿತು. ನನಗೆ ಅದು ಸರಿ ಎನಿಸುತ್ತದೆ. ದೊಡ್ಡವನೊಬ್ಬ ತನ್ನ ದುಡ್ಡಲ್ಲಿ ಅದೃಷ್ಟ ನೋಡುವುದು ಅವನಿಷ್ಟ. ಹನ್ನೊಂದರ ಮಗುವಿಗೆ "ಇನ್ನೊಂದೇ ಒಂದು" ಎಂಬ ಚಪಲ ಹತ್ತಿಸುವುದನ್ನು ನಾನು ಆಟ ಎಂದು ಕರೆಯಲಾರೆ. ನಿಮ್ಮ ಮಗಳಿಗೆ ಇಷ್ಟವಾಗಿರುವುದು ಗೊಂಬೆಯೋ, ಡಬ್ಬಿ ತೆರೆಯುವ ಆ ಒಂದು ನಿಮಿಷವೋ ಎಂದು ಗಮನಿಸಿ. ಗೊಂಬೆ ಎಂದಾದರೆ ಅವಳಿಗೆ ಬೇಕಾದ ಆ ಒಂದನ್ನೇ, ತೆರೆದದ್ದನ್ನು, ನೋಡಿ ಕೊಡಿಸಿ. ಗೆಳತಿಯರ ಜೊತೆ ಅದಲು ಬದಲು ಮಾಡಿಕೊಳ್ಳಲಿ. ತೆರೆಯುವ ನಿಮಿಷವೇ ಬೇಕು ಎಂದಾದರೆ, ಇಷ್ಟು ದಿನಕ್ಕೆ ಒಂದು ಎಂದು ಈಗಲೇ ಗೆರೆ ಹಾಕಿ, ಮತ್ತೆ ಅದನ್ನು ಅಳಿಸಬೇಡಿ.

ಪ್ರಶ್ನೆ: ಡಬ್ಬಿ ತೆರೆಯದೆ ಇಟ್ಟರೆ ಮುಂದೆ ಒಳ್ಳೆ ಬೆಲೆ ಬರುತ್ತಂತೆ. ಮಗನ ಓದಿಗೆ ಆಗುತ್ತೆ ಎಂದು ಒಂದಷ್ಟು ಕೊಂಡಿಡಲೇ?

ಉತ್ತರ: ಬೇಡ. ಹಳೇ ಆಟಿಕೆಗೆ ಬೆಲೆ ಬಂದದ್ದು ಯಾಕೆಂದರೆ ಆಗ ಯಾರೂ ಎತ್ತಿಡಲಿಲ್ಲ, ಮಕ್ಕಳು ಆಡಿ ಮುರಿದರು, ಉಳಿದದ್ದು ಕೆಲವೇ. ಈಗ ಎಲ್ಲರೂ ಎತ್ತಿಡುತ್ತಿದ್ದಾರೆ, ಮತ್ತೆ ಅಪರೂಪ ಆಗುವುದು ಹೇಗೆ? 1990ರ ದಶಕದಲ್ಲಿ ಬೀನಿ ಬೇಬೀಸ್ ಎಂಬ ಪುಟ್ಟ ಬಟ್ಟೆ ಗೊಂಬೆಗಳನ್ನು ಜನ ಆಸ್ತಿ ಎಂದೇ ಕೂಡಿಟ್ಟರು. 1999ರಲ್ಲಿ ಅಮೆರಿಕದ ಒಂದು ದಂಪತಿ ವಿಚ್ಛೇದನದ ಹೊತ್ತಿನಲ್ಲಿ ನ್ಯಾಯಾಲಯದ ನೆಲದ ಮೇಲೆ ಕೂತು ಅವನ್ನು ಪಾಲು ಮಾಡಿಕೊಂಡರು. ಆಮೇಲೆ ಆ ಬೆಲೆಯೆಲ್ಲ ಕುಸಿಯಿತು. 2023ರಲ್ಲಿ, ದೊಡ್ಡ ತಲೆಯ ಪುಟ್ಟ ಗೊಂಬೆಗಳನ್ನು ಮಾಡುವ ಫಂಕೋ ಕಂಪನಿ ತನ್ನ ಗೋದಾಮಿನಲ್ಲಿ ಇಡಲು ಜಾಗ ಸಾಲದೆ 3 ಕೋಟಿ ಡಾಲರ್‌ಗೂ ಜಾಸ್ತಿ ಬೆಲೆಯ ಸರಕನ್ನು ನಾಶ ಮಾಡುವುದಾಗಿ ಹೇಳಿತು. ಇನ್ನೊಂದು, ಮುಚ್ಚಿದ ಡಬ್ಬಿಯೊಳಗೆ ಪಿವಿಸಿ ಗೊಂಬೆಗಳು ವರ್ಷಗಟ್ಟಲೆ ಕೂತರೆ ಅಂಟಂಟಾಗುತ್ತವೆ. ಪ್ಲಾಸ್ಟಿಕ್ ಮೆದುವಾಗಲು ಹಾಕಿದ ರಾಸಾಯನಿಕ ಹೊರಗೆ ಬಂದು, ಗಾಳಿ ಇಲ್ಲದೆ ಮೈಮೇಲೇ ಉಳಿಯುತ್ತದೆ. ಓದಿಗೆ ದುಡ್ಡು ಬೇರೆ ಕಡೆ ಇಡಿ. ಆಟಿಕೆಯನ್ನು ಮಗನಿಗೆ ಕೊಡಿ.

ಪ್ರಶ್ನೆ: ನನಗೆ 10 ವರ್ಷ. ಅಪ್ಪನ ಹತ್ರ ಗಾಜಿನ ಕಪಾಟಿನಲ್ಲಿ ತುಂಬಾ ರೋಬೋಟ್ ಇವೆ. ಮುಟ್ಟೋಕೆ ಬಿಡಲ್ಲ. ಆಟಿಕೆ ಅಂದ್ರೆ ಆಡೋಕೆ ತಾನೇ?

ಉತ್ತರ: ಪುಟ್ಟಾ, ನಿನ್ನ ಪ್ರಶ್ನೆಯನ್ನು ಮೂರು ಸಲ ಓದಿದೆ. ಹೌದು, ಆಡೋಕೇ. ಆದರೆ ಅಪ್ಪನ ಕಡೆಯದ್ದೂ ಸ್ವಲ್ಪ ಕೇಳು. ಹಳೇ ರೋಬೋಟ್‌ಗಳಲ್ಲಿ ಕೆಲವಕ್ಕೆ ಚಿನ್ನದ ಮಿನುಗು ಇರುವ ಪ್ಲಾಸ್ಟಿಕ್ ಹಾಕಿದ್ದರು. ಅದು ವರ್ಷ ಕಳೆದಂತೆ ಬಿಸ್ಕತ್ತಿನ ಹಾಗೆ ಆಗಿಬಿಡುತ್ತದೆ, ಯಾರು ತಿರುಗಿಸಿದರೂ ಪುಡಿ. ಅಪ್ಪನೇ ಮುಟ್ಟಿದರೂ ಅಷ್ಟೇ. ಅಂಥದ್ದು ಕಪಾಟಿನಲ್ಲೇ ಇರಲಿ.

ಎಲ್ಲವೂ ಅಂಥದ್ದಲ್ಲ. ಈ ಪುಟವನ್ನು ಅಪ್ಪನಿಗೆ ತೋರಿಸು, ಮತ್ತೆ ಇಷ್ಟು ಕೇಳು: ಇವುಗಳಲ್ಲಿ ಮುರಿದರೂ ಪರವಾಗಿಲ್ಲ ಅನ್ನುವಂಥದ್ದು ಯಾವುದು? ಒಂದಾದರೂ ಇದ್ದೇ ಇರುತ್ತದೆ. ಅದನ್ನು ಕೆಳಗಿಳಿಸಲಿ. ಕಪಾಟಿನ ಕೆಳಗಿನ ಸಾಲು ನಿನ್ನದು ಎಂದು ಮಾಡಿಕೊಡಲಿ.

ಇನ್ನು ಅಪ್ಪನಿಗೆ ಒಂದು ಮಾತು. ನಿಮ್ಮ ಮೊದಲ ರೋಬೋಟ್ ನಿಮ್ಮ ಕೈಯಲ್ಲಿ ಎಷ್ಟು ಸಲ ಬಿದ್ದಿತ್ತು ಎಂದು ನೆನಪಿಸಿಕೊಳ್ಳಿ. ಭಾನುವಾರ ನೆಲದ ಮೇಲೆ ಕೂತು, ಮೊದಲು ಯಾವ ಭುಜ ತಿರುಗಿಸಬೇಕು, ತಲೆ ಎಲ್ಲಿ ಮಡಚಿಕೊಳ್ಳುತ್ತದೆ ಎಂದು ಮಗುವಿಗೆ ತೋರಿಸಿ. ಆಮೇಲೆ ಕೈ ಹಿಂದೆ ಕಟ್ಟಿಕೊಂಡು, ಸುಮ್ನೆ ನೋಡಿ.